ಪಾರುಪತ್ಯಗಾರನ ಲೆಕ್ಕ: ಜಾರ್ಜ್ ಕ್ಯಾಡ್‌ಬರಿಯವರ ನಂಬಿಕೆ ಮತ್ತು ಸಂಪತ್ತು

ಕ್ರೈಸ್ತ ಧರ್ಮಚಿಂತನೆಯಲ್ಲಿ ಐಶ್ವರ್ಯಕ್ಕೆ ನೆಮ್ಮದಿಯ ಸ್ಥಾನವೊಂದು ಎಂದೂ ದೊರೆತಿಲ್ಲ. ಧನಿಕನಿಗೆ ದೇವರ ರಾಜ್ಯದ ಬಾಗಿಲು ಬಹಳ ಇಕ್ಕಟ್ಟಾದುದೆಂದು ಎಚ್ಚರಿಸುವ ಸುವಾರ್ತೆಗಳೇ, ಯಜಮಾನನು ಒಪ್ಪಿಸಿಹೋದ ಹಣವನ್ನು ನೆಲದಲ್ಲಿ ಹೂತಿಟ್ಟ ಆಳನ್ನು ಗದರಿಸಿ, ಅದನ್ನು ವ್ಯಾಪಾರಕ್ಕೆ ತೊಡಗಿಸಿ ಇಮ್ಮಡಿಗೊಳಿಸಿದ ಆಳನ್ನು ಮೆಚ್ಚುವ ಸಾಮ್ಯಕಥೆಯನ್ನೂ ಹೇಳುತ್ತವೆ. ಈ ಎರಡನ್ನೂ ಒಟ್ಟಿಗೆ ನಿಭಾಯಿಸಲು ಪ್ರಾಟೆಸ್ಟೆಂಟ್ ಪಂಥಗಳು ಹೆಚ್ಚಾಗಿ ನೆಚ್ಚಿಕೊಂಡದ್ದು ಪಾರುಪತ್ಯದ ಕಲ್ಪನೆಯನ್ನು. ಸಂಪತ್ತಿನ ನಿಜವಾದ ಒಡೆಯ ದೇವರು. ಅದನ್ನು ಸದ್ಯಕ್ಕೆ ಕೈಯಲ್ಲಿ ಹಿಡಿದಿರುವ ಮನುಷ್ಯ ಅವನ ಪಾರುಪತ್ಯಗಾರ, ಅಂದರೆ ಇನ್ನೊಬ್ಬರ ಆಸ್ತಿಯನ್ನು ನೋಡಿಕೊಂಡು ಒಂದು ದಿನ ಲೆಕ್ಕ ಒಪ್ಪಿಸಬೇಕಾದವನು. ಈ ಕಲ್ಪನೆ ದಾನಕ್ಕೆ ಬಲವಾದ ಪ್ರೇರಣೆಯಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕವೆಂದ ಮೇಲೆ ಅದಕ್ಕೆ ಖರ್ಚಿನ ಬದಿ ಇರುವಂತೆ ಜಮೆಯ ಬದಿಯೂ ಇರುತ್ತದೆ ಎಂಬುದನ್ನು ದಾನಿಗಳನ್ನು ಸ್ಮರಿಸುವ ಬರಹಗಳು ಮರೆಯುವುದೇ ಹೆಚ್ಚು. ಹಣ ಎಲ್ಲಿಗೆ ಹೋಯಿತೆಂಬುದನ್ನು ಅವು ವಿವರವಾಗಿ ಬರೆಯುತ್ತವೆ. ಎಲ್ಲಿಂದ ಬಂತೆಂಬುದನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಚಾಕೊಲೇಟ್ ಉದ್ಯಮಿ ಜಾರ್ಜ್ ಕ್ಯಾಡ್‌ಬರಿ (1839–1922) ಈ ಮರೆವನ್ನು ಪರೀಕ್ಷಿಸುವುದಕ್ಕೆ ತಕ್ಕ ನಿದರ್ಶನ. ಖರ್ಚಿನ ಬದಿಯಲ್ಲಿ ಅವರಷ್ಟು ದೂರ ಸಾಗಿದ ಉದ್ಯಮಿಗಳು ಅವರ ಕಾಲದಲ್ಲಿ ವಿರಳ. ಜಮೆಯ ಬದಿಯ ಬಗ್ಗೆ ತೆರೆದ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗಿ ಬಂದ ಸಂಸ್ಥೆಗಳಂತೂ ಇನ್ನೂ ವಿರಳ. ಅಂಗಡಿ ತೆರೆದವರು ಅವರ ತಂದೆಯಾದರೂ, ಇಂದು ಆ ಹೆಸರಿನಿಂದ ಗುರುತಿಸಲಾಗುವ ಉದ್ಯಮವನ್ನು ಕಟ್ಟಿದವರು ಜಾರ್ಜ್ ಮತ್ತು ಅವರ ಅಣ್ಣ ರಿಚರ್ಡ್ ಆದ್ದರಿಂದ, ಸಂಸ್ಥಾಪಕ ಎಂಬ ಪದವನ್ನು ಇಲ್ಲಿ ತುಸು ಸಡಿಲಾಗಿ ಬಳಸಿದರೆ ತಪ್ಪಾಗದು.

ಕ್ಯಾಡ್‌ಬರಿ ಕುಟುಂಬ ಸೇರಿದ್ದ ಕ್ವೇಕರ್ ಪಂಥದ ಅಧಿಕೃತ ಹೆಸರು ಮಿತ್ರರ ಧಾರ್ಮಿಕ ಸಂಘ. 17ನೆಯ ಶತಮಾನದ ಮಧ್ಯದಲ್ಲಿ ಜಾರ್ಜ್ ಫಾಕ್ಸ್ ಅವರ ಬೋಧನೆಯಿಂದ ಹುಟ್ಟಿದ ಈ ಪಂಥವು, ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೇವರ ಒಳಬೆಳಕು ಇದೆಯೆಂದೂ, ಅದನ್ನು ಕಾಣಲು ಪಾದ್ರಿಯ ಮಧ್ಯಸ್ಥಿಕೆಯಾಗಲಿ ಸಂಸ್ಕಾರವಿಧಿಗಳಾಗಲಿ ಬೇಕಿಲ್ಲವೆಂದೂ ನಂಬಿತು. ಅವರ ಆರಾಧನೆಯೆಂದರೆ ಅಲಂಕಾರವಿಲ್ಲದ ಕೋಣೆಯೊಂದರಲ್ಲಿ ಎಲ್ಲರೂ ಮೌನವಾಗಿ ಕುಳಿತು, ಒಳಗಿನಿಂದ ಪ್ರೇರಣೆಯಾದವರು ಮಾತ್ರ ಎದ್ದು ನಾಲ್ಕು ಮಾತಾಡುವುದು. ಸದಾ ಸತ್ಯವನ್ನೇ ಹೇಳಬೇಕಾದವರಿಗೆ ಆಣೆಯ ಅಗತ್ಯವಿಲ್ಲವೆಂದು ಅವರು ಪ್ರಮಾಣ ಮಾಡಲು ಒಪ್ಪಲಿಲ್ಲ. ಒಳಬೆಳಕಿರುವ ಮನುಷ್ಯನನ್ನು ಕೊಲ್ಲಲಾಗದೆಂದು ಯುದ್ಧವನ್ನೂ ಒಪ್ಪಲಿಲ್ಲ. ಇದರ ಪರಿಣಾಮವಾಗಿ ಸರ್ಕಾರಿ ಹುದ್ದೆಗಳೂ ಸೈನ್ಯವೂ ಬಹುಕಾಲ ಅವರಿಗೆ ದೂರವಾದವು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಬಾಗಿಲು 1871ರ ಕಾಯಿದೆ ಬರುವವರೆಗೆ ಅವರಿಗೆ ಪೂರ್ತಿಯಾಗಿ ತೆರೆಯಲಿಲ್ಲ. ಉಳಿದದ್ದು ವ್ಯಾಪಾರ. ಬ್ರಿಸ್ಟಲ್‌ನ ಫ್ರೈ, ಯಾರ್ಕ್‌ನ ರೌಂಟ್ರಿ, ಬರ್ಮಿಂಗ್‌ಹ್ಯಾಮಿನ ಕ್ಯಾಡ್‌ಬರಿ ಎಂಬ ಮೂರು ಚಾಕೊಲೇಟ್ ಮನೆತನಗಳೂ ಕ್ವೇಕರರದ್ದೇ ಆಗಿರುವುದು ಕಾಕತಾಳೀಯವಲ್ಲ. ಪ್ರಾಟೆಸ್ಟೆಂಟ್ ನೀತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ನಂಟು ಬೆಸೆದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಕ್ವೇಕರರನ್ನೂ ತಮ್ಮ ವಾದಕ್ಕೆ ನಿದರ್ಶನವಾಗಿ ಎತ್ತಿಕೊಂಡರು; ಆದರೆ ಇವರ ವಿಷಯದಲ್ಲಿ ನಂಬಿಕೆಯ ಒಳಒತ್ತಡದಷ್ಟೇ, ಬೇರೆ ದಾರಿಗಳೆಲ್ಲ ಮುಚ್ಚಿಹೋದ ಹೊರಗಿನ ಸ್ಥಿತಿಯೂ ಕೆಲಸ ಮಾಡಿತೆಂದು ಕಾಣುತ್ತದೆ.

ವ್ಯಾಪಾರದ ಮೇಲೆ ಸಂಘದ ಕಣ್ಣು ಸದಾ ಇತ್ತು ಎಂಬುದು ಇನ್ನೂ ಮುಖ್ಯವಾದ ಸಂಗತಿ. ಸರಕಿಗೆ ಒಂದೇ ಬೆಲೆ ಹೇಳಬೇಕು, ಚೌಕಾಸಿಗೆ ಎಡೆಗೊಡಬಾರದು, ತೀರಿಸಲಾಗದಷ್ಟು ಸಾಲ ಮಾಡಬಾರದು ಎಂಬ ಶಿಸ್ತು ಅವರಲ್ಲಿ ಬಲವಾಗಿದ್ದಿತು. ದಿವಾಳಿಯಾದ ಸದಸ್ಯನನ್ನು ಸಂಘದಿಂದ ಹೊರಗಿಡುವ ವಾಡಿಕೆಯೂ ಇತ್ತು. ವ್ಯಾಪಾರಿಯ ಪ್ರಾಮಾಣಿಕತೆ ಅವನ ಖಾಸಗಿ ವಿಷಯವಾಗಿರದೆ ಇಡೀ ಸಭೆ ವಿಚಾರಿಸಬಹುದಾದ ವಿಷಯವಾಗಿತ್ತು. ಲೆಕ್ಕ ಒಪ್ಪಿಸಬೇಕಾದದ್ದು ದೇವರಿಗೆ ಎಂಬ ಮಾತು ಎಷ್ಟೋ ಸಲ ಯಾರಿಗೂ ಲೆಕ್ಕ ಒಪ್ಪಿಸದಿರುವುದಕ್ಕೆ ನೆಪವಾಗುತ್ತದೆ. ಕ್ವೇಕರರಲ್ಲಿ ಆ ನೆಪ ಅಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲ.

ಜಾರ್ಜ್ ಅವರ ತಂದೆ ಜಾನ್ ಕ್ಯಾಡ್‌ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟಿನಲ್ಲಿ ಚಹಾ, ಕಾಫಿ ಮತ್ತು ಕೋಕೋ ಮಾರುವ ಅಂಗಡಿ ತೆರೆದರು, 1831ರಲ್ಲಿ ಕೋಕೋ ತಯಾರಿಕೆಗೂ ಇಳಿದರು. ಮದ್ಯಪಾನವನ್ನು ಉಗ್ರವಾಗಿ ವಿರೋಧಿಸುತ್ತಿದ್ದ ಅವರಿಗೆ ಕೋಕೋ ಲಾಭದ ಸರಕಾಗಿದ್ದಂತೆಯೇ ಹೆಂಡಕ್ಕೆ ಬದಲಿಯಾಗಿ ಬಡವರ ಕೈಗೆ ಕೊಡಬಹುದಾದ ಪಾನೀಯವೂ ಆಗಿತ್ತು. ಪತ್ನಿಯ ಮರಣ ಮತ್ತು ಸ್ವಂತ ಅನಾರೋಗ್ಯದಿಂದ ಅವರು ಕುಗ್ಗಿದಾಗ ವ್ಯಾಪಾರವೂ ಕುಗ್ಗಿತು. 1861ರಲ್ಲಿ ಅದನ್ನು ವಹಿಸಿಕೊಂಡಾಗ ರಿಚರ್ಡ್ ಅವರಿಗೆ 25 ವರ್ಷ, ಜಾರ್ಜ್ ಅವರಿಗೆ 21. ತಾಯಿಯ ಕಡೆಯಿಂದ ಬಂದ ತಲಾ ಸುಮಾರು 4,000 ಪೌಂಡುಗಳನ್ನು ಅವರು ಅದರಲ್ಲಿ ತೊಡಗಿಸಿದರು. ಮೊದಲ ಕೆಲವು ವರ್ಷ ನಷ್ಟವೇ ಆಯಿತು. ವ್ಯಾಪಾರ ಮುಚ್ಚಬೇಕಾಗಿ ಬಂದರೆ ರಿಚರ್ಡ್ ಸರ್ವೇಯರ್ ಆಗುವುದೆಂದೂ, ಜಾರ್ಜ್ ಹಿಮಾಲಯದ ತಪ್ಪಲಿಗೆ ಹೋಗಿ ಚಹಾ ತೋಟ ಮಾಡುವುದೆಂದೂ ಯೋಚಿಸಿದ್ದರಂತೆ. ಹಾಗಾಗಿದ್ದರೆ ಭಾರತದ ಪ್ಲಾಂಟರುಗಳ ಪಟ್ಟಿಗೆ ಒಂದು ಹೆಸರು ಸೇರಿ, ಚಾಕೊಲೇಟಿನ ಚರಿತ್ರೆಯಿಂದ ಒಂದು ಹೆಸರು ಜಾರಿಹೋಗುತ್ತಿತ್ತು.

ಅವರನ್ನು ಉಳಿಸಿದ್ದು 1866ರಲ್ಲಿ ಹಾಲೆಂಡಿನ ವಾನ್ ಹೌಟನ್ ಕಂಪನಿಯಿಂದ ತರಿಸಿದ ಒಂದು ಯಂತ್ರ. ಕೋಕೋ ಬೀಜದಲ್ಲಿ ಕೊಬ್ಬು ಬಹಳವಾಗಿರುವುದರಿಂದ, ಅದರ ಜಿಡ್ಡನ್ನು ಹೀರಲು ಆ ಕಾಲದ ತಯಾರಕರು ಆಲೂಗಡ್ಡೆಯ ಹಿಟ್ಟನ್ನೋ ಸಾಗೊ ಹಿಟ್ಟನ್ನೋ ಬೆರೆಸುತ್ತಿದ್ದರು. ಅದಕ್ಕೂ ಮೀರಿದ ಕಲಬೆರಕೆ ಸಾಮಾನ್ಯವಾಗಿತ್ತು. ಕೊಬ್ಬನ್ನೇ ಹಿಂಡಿ ತೆಗೆಯುವ ಈ ಒತ್ತುಯಂತ್ರದಿಂದ ಬೆರಕೆಯಿಲ್ಲದ ಕೋಕೋ ಪುಡಿ ಸಾಧ್ಯವಾಯಿತು, ಅದರ ಶುದ್ಧತೆಯನ್ನೇ ಕ್ಯಾಡ್‌ಬರಿ ಸಹೋದರರು ಜಾಹೀರಾತಿನ ಮುಖ್ಯ ಮಾತಾಗಿಸಿದರು. ಕಲಬೆರಕೆಯ ವಿರುದ್ಧ ಜನಾಭಿಪ್ರಾಯ ಬಲಗೊಳ್ಳುತ್ತಿದ್ದ ಕಾಲವದು. 1875ರಲ್ಲಿ ಬಂದ ಆಹಾರ ಮತ್ತು ಔಷಧ ಮಾರಾಟದ ಕಾಯಿದೆಯೂ ಅವರ ದಾರಿಯನ್ನು ಸುಗಮಗೊಳಿಸಿತು. ಭಕ್ತಿಯುತವಾದ ಜೀವನಚರಿತ್ರೆಗಳು ಈ ಘಟ್ಟವನ್ನು ಸತ್ಯಕ್ಕೆ ಸಂದ ಜಯವೆಂದು ಚಿತ್ರಿಸುವುದುಂಟು. ಅದು ಸುಳ್ಳಲ್ಲವಾದರೂ, ಇಲ್ಲಿ ನೀತಿ ಮತ್ತು ಲಾಭ ಒಂದೇ ದಿಕ್ಕಿನಲ್ಲಿ ಹರಿದುವು ಎಂಬುದನ್ನು ಗಮನಿಸಬೇಕು. ಎರಡೂ ಎದುರುಬದುರಾಗಿ ನಿಂತಾಗ ನಂಬಿಕೆ ಏನು ಮಾಡುತ್ತದೆಂಬುದು ಆ ಹೊತ್ತಿಗೆ ಇನ್ನೂ ಪರೀಕ್ಷೆಗೆ ಒಳಗಾಗಿರಲಿಲ್ಲ.

1879ರಲ್ಲಿ ಕಾರ್ಖಾನೆಯನ್ನು ನಗರದ ಮಧ್ಯದಿಂದ ಸುಮಾರು ನಾಲ್ಕು ಮೈಲಿ ದಕ್ಷಿಣದ ಬಯಲಿಗೆ ಸಾಗಿಸಿ, ಆ ಜಾಗಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಸ್ಥಳ, ನೀರು, ರೈಲು ಮತ್ತು ಕಾಲುವೆಯ ಅನುಕೂಲ ಈ ಸಾಗಾಟಕ್ಕೆ ಕಾರಣಗಳಾಗಿದ್ದವು. ಆದರೆ ಅನಂತರ ಅಲ್ಲಿ ಬೆಳೆದದ್ದನ್ನು ಅಷ್ಟರಿಂದಲೇ ವಿವರಿಸಲಾಗುವುದಿಲ್ಲ. ಅದರ ಬೇರು ಬೇರೊಂದು ಕಡೆ ಇತ್ತು. ಜಾರ್ಜ್ ಕ್ಯಾಡ್‌ಬರಿ ಸುಮಾರು ಐವತ್ತು ವರ್ಷಗಳ ಕಾಲ ಭಾನುವಾರ ಬೆಳಗಿನ ಜಾವ ಎದ್ದು ಬರ್ಮಿಂಗ್‌ಹ್ಯಾಮಿನ ಸೆವರ್ನ್ ಸ್ಟ್ರೀಟಿನ ವಯಸ್ಕರ ಶಾಲೆಗೆ ಹೋಗಿ, ದುಡಿಯುವ ಗಂಡಸರಿಗೆ ಓದು ಬರಹವನ್ನೂ ಬೈಬಲನ್ನೂ ಕಲಿಸಿದರು. ಕುಡಿತ, ಕಾಯಿಲೆ, ಬಡತನಗಳ ನಡುವೆ ಬಾಳುತ್ತಿದ್ದ ಈ ಶಿಷ್ಯರ ಮನೆಗಳಿಗೆ ಹೋಗಿ ಬಂದುದರಿಂದ ಅವರಿಗೆ ಒಂದು ವಿಷಯ ಮನವರಿಕೆಯಾಯಿತು: ಒಬ್ಬನನ್ನು ಕುಡಿತ ಬಿಡೆಂದು ಬೋಧಿಸಿ, ಗಾಳಿ ಬೆಳಕಿಲ್ಲದ ಹಿತ್ತಲ ಕೋಣೆಗೆ ಮರಳಿ ಕಳಿಸುವುದರಲ್ಲಿ ಅರ್ಥವಿಲ್ಲ. ಪಾಪವು ಮನುಷ್ಯನ ಸಂಕಲ್ಪದಲ್ಲಿ ಮಾತ್ರವಲ್ಲದೆ ಅವನು ವಾಸಿಸುವ ಗೋಡೆಗಳಲ್ಲಿಯೂ ಬೀಡುಬಿಟ್ಟಿರುತ್ತದೆ ಎಂಬ ಈ ತಿಳಿವಳಿಕೆ ವೈಯಕ್ತಿಕ ಉದ್ಧಾರಕ್ಕೆ ಒತ್ತುಕೊಟ್ಟ ವಿಕ್ಟೋರಿಯಾ ಯುಗದ ಧಾರ್ಮಿಕತೆಯಲ್ಲಿ ಸಾಮಾನ್ಯವಾದದ್ದೇನಲ್ಲ.

1893ರಲ್ಲಿ ಅವರು ಕಾರ್ಖಾನೆಯ ಬಳಿ 120 ಎಕರೆ ಭೂಮಿ ಕೊಂಡರು. 1895ರಿಂದ ವಿಲಿಯಂ ಅಲೆಕ್ಸಾಂಡರ್ ಹಾರ್ವೆ ಎಂಬ ಯುವ ವಾಸ್ತುಶಿಲ್ಪಿಯ ನೆರವಿನಿಂದ ಮನೆಗಳು ಏಳತೊಡಗಿದವು. ಪ್ರತಿ ಮನೆಗೂ ಕೈತೋಟ, ತೋಟದಲ್ಲಿ ಮೊದಲೇ ನೆಟ್ಟ ಹಣ್ಣಿನ ಮರಗಳು, ನಿವೇಶನದ ಕಾಲುಭಾಗಕ್ಕಿಂತ ಹೆಚ್ಚಿನ ಜಾಗವನ್ನು ಮನೆ ಆಕ್ರಮಿಸಬಾರದೆಂಬ ನಿಯಮ, ಇವು ಅದರ ಲಕ್ಷಣಗಳು. ಈ ಮನೆಗಳು ಕಾರ್ಖಾನೆಯ ಕೆಲಸಗಾರರಿಗೆ ಮಾತ್ರ ಮೀಸಲಾಗಿರಲಿಲ್ಲ. ಕೆಲಸ ಕಳೆದುಕೊಂಡವನು ಮನೆಯನ್ನೂ ಕಳೆದುಕೊಳ್ಳುವಂತಹ ವ್ಯವಸ್ಥೆಯಲ್ಲಿ ಮಾಲೀಕನ ಔದಾರ್ಯವೇ ಮಾಲೀಕನ ಲಗಾಮಾಗುತ್ತದೆ ಎಂಬುದನ್ನು ಬಲ್ಲವರಿಗೆ ಇದರ ಮಹತ್ವ ಹೊಳೆಯುತ್ತದೆ. ಮೊದಮೊದಲು ಮನೆಗಳನ್ನು ದೀರ್ಘಾವಧಿಯ ಭೋಗ್ಯಕ್ಕೆ, ಕಡಿಮೆ ಬಡ್ಡಿಯ ಸಾಲದ ಸೌಲಭ್ಯದೊಡನೆ, ಹೆಚ್ಚು ಲಾಭವಿಲ್ಲದೆ ಕೊಡಲಾಯಿತು. ಕೊಂಡವರಲ್ಲಿ ಕೆಲವರು ಅವನ್ನು ಹೆಚ್ಚಿನ ಬೆಲೆಗೆ ಮಾರಿ ಲಾಭ ಮಾಡಿಕೊಂಡರು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು ಸಟ್ಟಾ ವ್ಯಾಪಾರದ ಸರಕಾಗುವುದನ್ನು ಕಂಡ ಮೇಲೆ ಕ್ಯಾಡ್‌ಬರಿ ಬೇರೆ ದಾರಿ ಹಿಡಿದರು. 1900ರ ಡಿಸೆಂಬರ್‌ನಲ್ಲಿ, ಆ ಹೊತ್ತಿಗೆ ಸುಮಾರು 330 ಎಕರೆಗಳಿಗೆ ಬೆಳೆದಿದ್ದ ಭೂಮಿಯನ್ನೂ 313 ಮನೆಗಳನ್ನೂ ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್ ಎಂಬ ಧರ್ಮನಿಧಿಗೆ ಬರೆದುಕೊಟ್ಟರು. ಬಾಡಿಗೆಯ ಉಳಿತಾಯ ಮತ್ತೆ ಮನೆ ಕಟ್ಟುವುದಕ್ಕೇ ಹೋಗಬೇಕು. ಆಡಳಿತದಲ್ಲಿ ಮತಪಂಥದ ಭೇದ ನುಸುಳಬಾರದು. ಧರ್ಮದರ್ಶಿಗಳಲ್ಲಿ ಕುಟುಂಬದವರ ಜೊತೆಗೆ ನಗರಸಭೆ, ವಿಶ್ವವಿದ್ಯಾಲಯ ಮತ್ತು ಮಿತ್ರರ ಸಂಘ ನಾಮಕರಣ ಮಾಡಿದವರಿಗೂ ಸ್ಥಾನವಿರಬೇಕು ಎಂಬುದು ಏರ್ಪಾಟು. ದೊಡ್ಡ ಆಸ್ತಿ ಮಕ್ಕಳಿಗೆ ವರಕ್ಕಿಂತ ಶಾಪವಾಗುವುದೇ ಹೆಚ್ಚೆಂದು ಅವರು ನಂಬಿದ್ದರು; ಈ ಪತ್ರದ ಮೂಲಕ ಮಕ್ಕಳಿಗೂ ತಮಗೂ ಅದನ್ನು ಕೈ ತಪ್ಪಿಸಿದರು.

ದಾನವನ್ನು ಕುರಿತ ತಾತ್ವಿಕ ಚರ್ಚೆಯಲ್ಲಿ ಈ ಪತ್ರಕ್ಕೆ ವಿಶೇಷವಾದ ಬೆಲೆಯಿದೆ. ಪಾರುಪತ್ಯದ ಕಲ್ಪನೆಯನ್ನು ಒಪ್ಪಿದ ಧನಿಕರಲ್ಲಿ ಹೆಚ್ಚಿನವರು, ಇದು ದೇವರದ್ದು ಎನ್ನುತ್ತಲೇ ಅದನ್ನು ಕೊನೆಯವರೆಗೂ ತಮ್ಮ ಹಿಡಿತದಲ್ಲಿಯೇ ಇಟ್ಟುಕೊಂಡು, ಯಾರಿಗೆ ಎಷ್ಟು ಕೊಡಬೇಕೆಂಬ ತೀರ್ಮಾನದ ಸುಖವನ್ನು ಬಿಟ್ಟುಕೊಡುವುದಿಲ್ಲ. ಭಾರತೀಯ ಓದುಗರಿಗೆ ಇದಕ್ಕೆ ಸಮೀಪದ ವಿಚಾರವೆಂದರೆ ಗಾಂಧೀಜಿಯವರ ಧರ್ಮದರ್ಶಿತ್ವ. ಇಂಗ್ಲಿಷ್ ಕಾನೂನನ್ನು ಓದುವಾಗ ಪರಿಚಯವಾದ ಟ್ರಸ್ಟಿಯ ಪರಿಕಲ್ಪನೆಯ ನೆರವಿನಿಂದ ಗೀತೆಯ ಅಪರಿಗ್ರಹವನ್ನು ಅರ್ಥಮಾಡಿಕೊಂಡುದಾಗಿ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆದರೆ ಧನಿಕನು ಆಸ್ತಿಯನ್ನು ತನ್ನ ಬಳಿಯೇ ಇಟ್ಟುಕೊಂಡು ಸಮಾಜಕ್ಕಾಗಿ ಬಳಸಲಿ ಎಂಬ ಗಾಂಧೀಜಿಯವರ ಸಲಹೆ ಅವನ ಅಂತಃಸಾಕ್ಷಿಯ ಮೇಲೆ ಎಲ್ಲ ಭಾರವನ್ನೂ ಹೊರಿಸುತ್ತದೆ. ಕ್ಯಾಡ್‌ಬರಿಯವರ ಧರ್ಮನಿಧಿ ಆ ಭಾರವನ್ನು ಅಂತಃಸಾಕ್ಷಿಯಿಂದ ಇಳಿಸಿ ಕಾನೂನಿನ ಮೇಲಿಟ್ಟಿತು, ದಾನಿಯ ಮನಸ್ಸು ನಾಳೆ ಬದಲಾದರೂ ದಾನ ಬದಲಾಗದಂತೆ ಮಾಡಿತು. ಈ ಇಬ್ಬರ ವಿಚಾರಗಳು ಹತ್ತಿರದವೆಂಬುದಕ್ಕೆ ಒಂದು ಹೊರಗಿನ ಕುರುಹೂ ಇದೆ: ಕ್ಯಾಡ್‌ಬರಿ 1903ರಲ್ಲಿ ಕ್ವೇಕರ್ ಅಧ್ಯಯನ ಕೇಂದ್ರಕ್ಕೆಂದು ಬಿಟ್ಟುಕೊಟ್ಟ ವುಡ್‌ಬ್ರೂಕ್ ಎಂಬ ತಮ್ಮ ಹಿಂದಿನ ಮನೆಗೆ, ದುಂಡುಮೇಜಿನ ಪರಿಷತ್ತಿಗಾಗಿ ಇಂಗ್ಲೆಂಡಿಗೆ ಹೋಗಿದ್ದ ಗಾಂಧೀಜಿ 1931ರಲ್ಲಿ ಭೇಟಿ ಕೊಟ್ಟಿದ್ದರು.

ಬೋರ್ನ್‌ವಿಲ್ಲಿನ ಬದುಕಿನಲ್ಲಿ ಔದಾರ್ಯ ಮತ್ತು ಯಜಮಾನಿಕೆ ಬೆರೆತೇ ಇದ್ದವು. ಕಾರ್ಖಾನೆಯಲ್ಲಿ ವೈದ್ಯರು, ಊಟದ ಕೋಣೆ, ಆಟದ ಮೈದಾನ, ಶನಿವಾರ ಅರ್ಧ ದಿನದ ಬಿಡುವು, 1906ರಿಂದ ಗಂಡಸರಿಗೆ ಪಿಂಚಣಿ ನಿಧಿ ಇದ್ದವು. ಕೆಲಸಕ್ಕೆ ಮುನ್ನ ಬೈಬಲ್ ವಾಚನವೂ ಬಹುಕಾಲ ನಡೆಯಿತು. ಊರಿನಲ್ಲಿ ಹೆಂಡದಂಗಡಿಗೆ ಅವಕಾಶವಿರಲಿಲ್ಲ. ಮದುವೆಯಾದ ಹೆಂಗಸು ಕೆಲಸ ಬಿಡಬೇಕಿತ್ತು. ಹೊರಡುವಾಗ ಅವಳ ಕೈಗೆ ಒಂದು ಬೈಬಲನ್ನೂ ಒಂದು ಕಾರ್ನೇಶನ್ ಹೂವನ್ನೂ ಕೊಡುತ್ತಿದ್ದರು. ಸಂಬಳದ ಬದಲಿಗೆ ಹೂವು ಪಡೆದವಳಿಗೆ ಅದು ಹೇಗೆ ಕಂಡಿರಬಹುದು? ಪ್ರತಿಯೊಬ್ಬರಲ್ಲಿಯೂ ಒಳಬೆಳಕಿದೆ ಎನ್ನುವ ಪಂಥದ ಒಬ್ಬ ಯಜಮಾನ ಆ ಬೆಳಕು ಯಾವ ದಿಕ್ಕಿಗೆ ಚಾಚಬೇಕೆಂಬುದನ್ನೂ ತಾನೇ ನಿರ್ಧರಿಸಲು ಹೊರಟಾಗ ಉಂಟಾಗುವ ವಿರೋಧಾಭಾಸ ಇದು. ಆದರೂ ಅದೇ ನಗರದ ಹಿತ್ತಲ ಕೇರಿಗಳನ್ನು ನೆನೆದರೆ ಈ ಆಕ್ಷೇಪವನ್ನು ಹೆಚ್ಚು ಎಳೆಯಲು ಮನಸ್ಸಾಗದು.

ಯುದ್ಧವಿರೋಧದ ವಿಷಯದಲ್ಲಿ ಅವರ ನಿಲುವಿಗೆ ಬೆಲೆ ತೆರಬೇಕಾಯಿತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಸೈನಿಕರಿಗೆ ಹೊಸ ವರ್ಷದ ಕಾಣಿಕೆಯಾಗಿ ಚಾಕೊಲೇಟ್ ಡಬ್ಬಿಗಳನ್ನು ಕಳಿಸಲು ವಿಕ್ಟೋರಿಯಾ ರಾಣಿ ಬಯಸಿದಾಗ, ಮೂರು ಕ್ವೇಕರ್ ಮನೆತನಗಳೂ ಇಕ್ಕಟ್ಟಿಗೆ ಸಿಲುಕಿ, ಕೊನೆಗೆ ಲಾಭ ಪಡೆಯದೆ ಮಾಡಿಕೊಟ್ಟವು. ಯುದ್ಧವನ್ನು ವಿರೋಧಿಸುವ ದನಿಯೊಂದು ಪತ್ರಿಕಾಲೋಕದಲ್ಲಿ ಇರಲೆಂದು 1901ರಲ್ಲಿ ಕ್ಯಾಡ್‌ಬರಿ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಹಣ ಹೂಡಿದರು. ವೃದ್ಧಾಪ್ಯ ಪಿಂಚಣಿಗಾಗಿ, ಮನೆಯಲ್ಲೇ ಕೂತು ಕಾಸಿನ ಕೂಲಿಗೆ ದುಡಿಯುವ ಹೆಂಗಸರಿಗಾಗಿ ಆ ಪತ್ರಿಕೆ ಹೋರಾಡಿತು. ದಕ್ಷಿಣ ಆಫ್ರಿಕದ ಗಣಿಗಳಿಗೆ ಚೀನೀ ಕೂಲಿಗಳನ್ನು ಕರಾರಿನ ಮೇಲೆ ಸಾಗಿಸುವುದನ್ನು ಗುಲಾಮಗಿರಿಯೆಂದು ಖಂಡಿಸಿತು. ಈ ಕೊನೆಯ ಖಂಡನೆಯೇ ಮುಂದೆ ಅವರ ಕಡೆಗೆ ತಿರುಗಿಬಂತು.

ಪಶ್ಚಿಮ ಆಫ್ರಿಕದ ಕರಾವಳಿಯಾಚೆಯ ಸಾವೊ ತೊಮೆ ಮತ್ತು ಪ್ರಿನ್ಸಿಪೆ ದ್ವೀಪಗಳು ಆಗ ಪೋರ್ಚುಗಲ್ಲಿನ ವಸಾಹತುಗಳು. ಕ್ಯಾಡ್‌ಬರಿ ಸಂಸ್ಥೆ ಕೊಳ್ಳುತ್ತಿದ್ದ ಕೋಕೋ ಬೀಜದ ಬಹು ದೊಡ್ಡ ಪಾಲು ಬರುತ್ತಿದ್ದದ್ದು ಅಲ್ಲಿಂದಲೇ. ತೋಟಗಳಲ್ಲಿ ದುಡಿಯುತ್ತಿದ್ದವರನ್ನು ಪೋರ್ಚುಗೀಸರು ‘ಸೆರ್ವಿಸಾಯಿಸ್’, ಅಂದರೆ ಕರಾರಿನ ಸೇವಕರು, ಎಂದು ಕರೆಯುತ್ತಿದ್ದರು. ಐದು ವರ್ಷದ ಕರಾರೆಂಬುದು ಕಾಗದದ ಮಾತು. ಅಂಗೋಲಾದ ಒಳನಾಡಿನಲ್ಲಿ ಹಿಡಿದೋ ಕೊಂಡೋ ಕರಾವಳಿಗೆ ನಡೆಸಿಕೊಂಡು ಬಂದು ಹಡಗು ಹತ್ತಿಸಿದವರಲ್ಲಿ ಹಿಂದಿರುಗಿದವರು ಇಲ್ಲವೆನ್ನುವಷ್ಟು ಕಡಿಮೆ. ದ್ವೀಪಗಳಲ್ಲಿ ಸಾವಿನ ಪ್ರಮಾಣ ಭೀಕರವಾಗಿತ್ತು. 1901ರಲ್ಲಿ ರಿಚರ್ಡ್ ಅವರ ಮಗ ವಿಲಿಯಂ ಕ್ಯಾಡ್‌ಬರಿ ಅವರ ಕೈಗೆ ಸಾವೊ ತೊಮೆಯ ತೋಟವೊಂದರ ಮಾರಾಟದ ಪ್ರಸ್ತಾವ ಬಂದಾಗ, ಸ್ವತ್ತುಗಳ ಪಟ್ಟಿಯಲ್ಲಿ ಕೂಲಿಯಾಳುಗಳನ್ನೂ ಬೆಲೆಕಟ್ಟಿ ಸೇರಿಸಿರುವುದು ಕಂಡಿತು. ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ 1787ರಲ್ಲಿ ರಚಿತವಾದ ಸಮಿತಿಯ ಹನ್ನೆರಡು ಸದಸ್ಯರಲ್ಲಿ ಒಂಬತ್ತು ಮಂದಿ ಕ್ವೇಕರರಾಗಿದ್ದರು ಎಂಬುದನ್ನು ನೆನೆದರೆ ಈ ಕಾಗದ ಆ ಕುಟುಂಬಕ್ಕೆ ಎಂತಹ ಪೆಟ್ಟಾಗಿರಬೇಕೆಂದು ಊಹಿಸಬಹುದು.

ಸಂಸ್ಥೆ ಕೈಕಟ್ಟಿ ಕೂರಲಿಲ್ಲ. ಆದರೆ ಕೊಳ್ಳುವುದನ್ನು ನಿಲ್ಲಿಸಲೂ ಇಲ್ಲ. 1903ರಲ್ಲಿ ವಿಲಿಯಂ ಲಿಸ್ಬನ್ನಿಗೆ ಹೋಗಿ ಅಧಿಕಾರಿಗಳನ್ನೂ ತೋಟದ ಮಾಲೀಕರನ್ನೂ ಕಂಡರು. ಅಲ್ಲಿ ಸುಧಾರಣೆಯ ಭರವಸೆ ದೊರೆಯಿತು. 1905ರಲ್ಲಿ, ಪೋರ್ಚುಗೀಸ್ ಭಾಷೆ ಕಲಿತುಕೊಂಡ ಜೋಸೆಫ್ ಬರ್ಟ್ ಎಂಬ ಕ್ವೇಕರನ್ನು ತನಿಖೆಗೆ ಕಳಿಸಲಾಯಿತು. ಅಷ್ಟರಲ್ಲಿ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತರು ಅಂಗೋಲಾದ ಗುಲಾಮರ ದಾರಿಯನ್ನು ಸ್ವತಃ ನಡೆದು ನೋಡಿ, ತಮ್ಮ ಬರಹಗಳನ್ನು 1906ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಬರ್ಟ್ ಅವರ ವರದಿ 1907ರಲ್ಲಿ ಸಿದ್ಧವಾದಾಗ ಅದೂ ಇದನ್ನೇ ಹೇಳಿತು. ಆಗಲೂ ಬ್ರಿಟಿಷ್ ವಿದೇಶಾಂಗ ಕಚೇರಿ ತಾಳ್ಮೆಗೆ ಸಲಹೆಯಿತ್ತಿತು. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ಪೋರ್ಚುಗೀಸ್ ಮೊಜಾಂಬಿಕ್‌ನಿಂದ ಕೂಲಿಗಳು ಬೇಕಾಗಿದ್ದುದರಿಂದ ಪೋರ್ಚುಗಲ್ಲನ್ನು ಕೆಣಕಲು ಸರ್ಕಾರಕ್ಕೆ ಮನಸ್ಸಿರಲಿಲ್ಲ. ಕ್ಯಾಡ್‌ಬರಿ, ಫ್ರೈ ಮತ್ತು ರೌಂಟ್ರಿ ಸಂಸ್ಥೆಗಳು ಸಾವೊ ತೊಮೆಯ ಕೋಕೋ ಕೊಳ್ಳುವುದಿಲ್ಲವೆಂದು ಘೋಷಿಸಿದ್ದು 1909ರ ಮಾರ್ಚ್‌ನಲ್ಲಿ.

ಅದಕ್ಕೆ ಆರು ತಿಂಗಳ ಮೊದಲೇ, ಚೀನೀ ಕೂಲಿಗಳಿಗಾಗಿ ಕಣ್ಣೀರಿಡುವ ಪತ್ರಿಕೆಯ ಒಡೆಯರು ಗುಲಾಮರು ಬೆಳೆದ ಕೋಕೋದಿಂದ ಲಾಭ ಮಾಡುತ್ತಿದ್ದಾರೆಂದು ‘ಸ್ಟ್ಯಾಂಡರ್ಡ್’ ಎಂಬ ಕನ್ಸರ್ವೇಟಿವ್ ಪತ್ರಿಕೆ ಚುಚ್ಚಿ ಬರೆದಿತ್ತು. ಸಂಸ್ಥೆ ಮಾನನಷ್ಟದ ದಾವೆ ಹೂಡಿತು. 1909ರ ನವೆಂಬರ್ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿಚಾರಣೆ ಆರಂಭವಾಯಿತು. ಪತ್ರಿಕೆಯ ಪರ ವಕೀಲ ಎಡ್ವರ್ಡ್ ಕಾರ್ಸನ್ ಅವರ ಪಾಟೀಸವಾಲಿನಲ್ಲಿ, 1901ರಿಂದ 1908ರವರೆಗೆ ಸಂಸ್ಥೆ ಸುಮಾರು 13 ಲಕ್ಷ ಪೌಂಡ್ ಬೆಲೆಯ ಸಾವೊ ತೊಮೆ ಕೋಕೋ ಕೊಂಡಿತ್ತೆಂಬುದು ಹೊರಬಂತು; ಆ ಅವಧಿಯಲ್ಲಿ ಈ ಕೋಕೋಗಾಗಿ ಎಷ್ಟು ಗುಲಾಮರು ಸತ್ತಿರಬಹುದೆಂದು ಅಂದಾಜು ಮಾಡಿದ್ದೀರಾ ಎಂಬ ಪ್ರಶ್ನೆಗೆ ವಿಲಿಯಂ ಇಲ್ಲವೆನ್ನಬೇಕಾಯಿತು. ಜ್ಯೂರಿ ಕ್ಯಾಡ್‌ಬರಿ ಸಂಸ್ಥೆಯ ಪರವಾಗಿಯೇ ತೀರ್ಪಿತ್ತು, ಪರಿಹಾರವಾಗಿ ಒಂದು ಫಾರ್ದಿಂಗ್ ಕೊಡಿಸಿತು. ಫಾರ್ದಿಂಗೆಂದರೆ ಕಾಲು ಪೆನ್ನಿ. ಒಂದು ಪೌಂಡಿಗೆ ಅಂತಹವು 960. ಕಾನೂನಿನಲ್ಲಿ ಗೆಲುವೆಂದೂ ನೀತಿಯಲ್ಲಿ ಛೀಮಾರಿಯೆಂದೂ ಓದಬಹುದಾದ ತೀರ್ಪದು.

ಸಂಸ್ಥೆಯ ಸಮರ್ಥನೆ ಪೊಳ್ಳಾಗಿರಲಿಲ್ಲ. ದೊಡ್ಡ ಗಿರಾಕಿಯಾಗಿ ಉಳಿದರೆ ಮಾತ್ರ ತೋಟದ ಮಾಲೀಕರು ಮಾತು ಕೇಳುತ್ತಾರೆ, ಬಿಟ್ಟು ಬಂದರೆ ಕೈ ಶುದ್ಧವಾಗಬಹುದೇ ಹೊರತು ಕೂಲಿಯ ಪಾಡು ಬದಲಾಗದು ಎಂಬುದು ಅವರ ವಾದ. ಸಾಕ್ಷ್ಯ ಕೈಗೆ ಬರುವ ಮುನ್ನ ಯಾರನ್ನೂ ದೂರಬಾರದು, ಒಮ್ಮತ ಮೂಡುವವರೆಗೆ ಕಾಯಬೇಕು ಎಂಬ ಕ್ವೇಕರ್ ನಡವಳಿಕೆಯೂ ಇದರ ಹಿಂದಿತ್ತು. ಆದರೆ ಅದೇ ಪಂಥದ ಒಳಗೆ ಇನ್ನೊಂದು ಉತ್ತರವೂ ಒಂದೂವರೆ ಶತಮಾನದಿಂದ ಇತ್ತು. ಅಮೆರಿಕದ ನ್ಯೂಜೆರ್ಸಿಯ ಜಾನ್ ವುಲ್ಮನ್ (1720–1772) ವ್ಯಾಪಾರ ಚೆನ್ನಾಗಿ ಬೆಳೆಯುತ್ತಿದ್ದಾಗಲೇ, ಅದು ಮನಸ್ಸನ್ನು ನುಂಗುತ್ತಿದೆಯೆಂದು ಅಂಗಡಿಯನ್ನು ಬಿಟ್ಟವರು. ಗುಲಾಮರ ದುಡಿಮೆಯಿಂದ ಬಂದದ್ದೆಂಬ ಕಾರಣಕ್ಕೆ ಸಕ್ಕರೆಯನ್ನು ತೊರೆದವರು. ವುಲ್ಮನ್ ಅವರಿಗೆ ಪ್ರಭಾವ ಬೀರಬಲ್ಲ ಗಿರಾಕಿಯಾಗುವ ಹಂಬಲವಿರಲಿಲ್ಲ. ತನ್ನ ಊಟದ ತಟ್ಟೆಗೆ ಬಂದ ವಸ್ತುವಿನ ಮೂಲಕ ತಾನೂ ಆ ಹಿಂಸೆಯ ಪಾಲುದಾರನೆಂಬ ಅರಿವು, ಅದರ ಪರಿಣಾಮ ಏನಾದರೂ ಆಗಲಿ, ಅವರಿಗೆ ಸಾಕಾಗಿತ್ತು. ಜೇಬು ತುಂಬಿದಷ್ಟೂ ಈ ನಿಲುವು ಕಷ್ಟವಾಗುತ್ತದೆ. ಸಾವಿರಾರು ಕೆಲಸಗಾರರ ಜೀವನ ತನ್ನ ಕಾರ್ಖಾನೆಯನ್ನು ನೆಚ್ಚಿಕೊಂಡಿರುವಾಗ ಬೀಜ ಕೊಳ್ಳುವುದನ್ನು ನಾಳೆಯಿಂದ ನಿಲ್ಲಿಸಲು ಉದ್ಯಮಿಗೆ ಆಗದು. ಆದರೆ ಕಾಯುವ ಆ ವರ್ಷಗಳ ಬೆಲೆಯನ್ನು ತೆತ್ತವರು ಬೋರ್ನ್‌ವಿಲ್ಲಿನವರಲ್ಲ ಎಂಬುದು ಸಮರ್ಥನೆಯ ತೂಕವನ್ನು ತಗ್ಗಿಸುತ್ತದೆ. ತಾಳ್ಮೆ ಸದ್ಗುಣವಾಗುವುದು ತಾಳಿಕೊಳ್ಳಬೇಕಾದವರು ತಾವೇ ಆಗಿದ್ದಾಗ.

ಬೋರ್ನ್‌ವಿಲ್ ಮತ್ತು ಸಾವೊ ತೊಮೆಯ ಪ್ರಕರಣಗಳೆರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಕ್ಯಾಡ್‌ಬರಿಯವರ ನಂಬಿಕೆಯ ಬಲವೂ ಅದರ ಮಿತಿಯೂ ಒಂದೇ ಮೂಲದವೆಂದು ತೋರುತ್ತದೆ. ವಯಸ್ಕರ ಶಾಲೆಯಲ್ಲಿ ಅವರು ಬಡತನವನ್ನು ಮುಖಗಳ ಮೂಲಕ ಅರಿತರು. ಹೆಸರು ಗೊತ್ತಿದ್ದ, ಮನೆ ನೋಡಿದ್ದ ಮನುಷ್ಯರಿಗಾಗಿ ಆಸ್ತಿಯನ್ನೇ ಬರೆದುಕೊಡುವಷ್ಟು ದೂರ ಹೋದರು. ಸಾವೊ ತೊಮೆಯ ಕೂಲಿಗಳು ಅವರಿಗೆ ವರದಿಗಳ ಮೂಲಕ, ಕಾಗದಪತ್ರಗಳ ಮೂಲಕ ಮಾತ್ರ ತಿಳಿದಿದ್ದರು. ಕಣ್ಣೆದುರಿನ ನೆರೆಯವನನ್ನು ಪ್ರೀತಿಸುವ ಧರ್ಮ, ಸರಕು ಸಾಗರ ದಾಟಿ ಬರುವ ವ್ಯಾಪಾರವನ್ನು ಅಳೆಯಲು ಬೇರೆ ಅಳತೆಗೋಲನ್ನೇನೂ ಸಿದ್ಧಮಾಡಿಕೊಂಡಿರಲಿಲ್ಲ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 18ನೆಯ ಶತಮಾನದಲ್ಲಿಯೇ, ಹಣ ಗಳಿಸಿ, ಉಳಿಸಿ, ಕೊಡಿರೆಂದು ಬೋಧಿಸುವಾಗ, ನೆರೆಯವನಿಗೆ ಕೇಡಾಗದಂತೆ ಗಳಿಸಬೇಕೆಂಬ ಷರತ್ತನ್ನು ಮೊದಲಿಗೇ ಇಟ್ಟಿದ್ದರು. ಜನರ ನೆನಪಿನಲ್ಲಿ ಉಳಿದದ್ದು ಮೂರು ಆಜ್ಞೆಗಳು, ಜಾರಿಹೋದದ್ದು ಷರತ್ತು.

ಬಹಿಷ್ಕಾರದ ಅನಂತರ ಕ್ಯಾಡ್‌ಬರಿ ಸಂಸ್ಥೆ ಮುಖ್ಯವಾಗಿ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ಕಡೆಗೆ ತಿರುಗಿತು. ಅಲ್ಲಿ ಕೋಕೋ ಬೆಳೆಯುತ್ತಿದ್ದವರು ಸ್ವಂತ ಜಮೀನಿನ ಆಫ್ರಿಕನ್ ರೈತರು. ಈ ಬೆಳೆಯ ಆರಂಭದ ಚರಿತ್ರೆಯಲ್ಲಿ ಕನ್ನಡ ಓದುಗರಿಗೆ ಪರಿಚಿತವಾದ ಹೆಸರೊಂದು ಎದುರಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದು, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆದ ಬಾಸೆಲ್ ಮಿಶನ್ ಸಂಸ್ಥೆಯೇ ಗೋಲ್ಡ್ ಕೋಸ್ಟಿನಲ್ಲಿಯೂ ನೆಲೆಸಿತ್ತು. ಅದರ ಪಾದ್ರಿಗಳು 1850ರ ದಶಕದಲ್ಲಿಯೇ ಅಲ್ಲಿ ಕೋಕೋ ಗಿಡ ಬೆಳೆಸಲು ಯತ್ನಿಸಿದ್ದರು, ಅದರ ವ್ಯಾಪಾರ ಶಾಖೆ ಅಲ್ಲಿಂದ ಯುರೋಪಿಗೆ ಕೋಕೋ ಸಾಗಿಸಿದ ಮೊದಲಿಗರಲ್ಲಿ ಸೇರಿತ್ತು. ಧರ್ಮವೂ ವ್ಯಾಪಾರವೂ ಒಂದೇ ಹಡಗಿನಲ್ಲಿ ಬರಬಹುದೇ ಎಂಬ ಪ್ರಶ್ನೆಯನ್ನು ನೇತ್ರಾವತಿಯ ದಡದಲ್ಲಿಯೂ ಕೇಳಲಾಗಿತ್ತು. ಅಲ್ಲಿಯ ಉತ್ತರ ಬೇರೊಂದು ಬರಹಕ್ಕೆ ತಕ್ಕ ವಿಷಯ.

ಇಂತಹ ವ್ಯಕ್ತಿಯನ್ನು ಸ್ಮರಿಸುವುದು ಹೇಗೆ ಎಂಬುದಕ್ಕೆ ಕ್ವೇಕರರಲ್ಲಿಯೇ ಒಂದು ಸಂಪ್ರದಾಯವಿದೆ. ತೀರಿಕೊಂಡ ಸದಸ್ಯರ ಬಗ್ಗೆ ಅವರು ಬರೆದಿಡುವ ಸಾಕ್ಷ್ಯಪತ್ರ ಆ ವ್ಯಕ್ತಿಯ ಹಿರಿಮೆಯನ್ನು ಹೊಗಳದೆ, ಆ ಬಾಳಿನಲ್ಲಿ ದೇವರ ಕೃಪೆ ಹೇಗೆ ಕಾಣಿಸಿಕೊಂಡಿತೆಂಬುದನ್ನು ದಾಖಲಿಸಬೇಕು. ಮೆಚ್ಚುಗೆಯ ಕರ್ತೃವನ್ನೇ ಬದಲಿಸುವ ಈ ಕ್ರಮ ಸೋಲುಗಳನ್ನು ಮುಚ್ಚಿಡಬೇಕಾದ ಒತ್ತಡವನ್ನು ಸಡಿಲಿಸುತ್ತದೆ. ಕೃಪೆ ಕೆಲಸ ಮಾಡುವುದು ಕುಂದುಗಳಿರುವಲ್ಲಿಯೇ ಆದ್ದರಿಂದ, ಅವನ್ನು ಹೇಳಿದರೆ ಯಾರಿಗೂ ಅವಮಾನವಾಗದು. ಜಾರ್ಜ್ ಕ್ಯಾಡ್‌ಬರಿಯವರ ವಿಷಯದಲ್ಲಿ ಲೋಕ ಈ ಕ್ರಮವನ್ನು ಹೆಚ್ಚಾಗಿ ಪಾಲಿಸಲಿಲ್ಲ. ಅವರ ಮೊದಲ ಜೀವನಚರಿತ್ರೆ 1923ರಲ್ಲಿ ಬಂತು. ಬರೆದವರು ಅವರದ್ದೇ ಪತ್ರಿಕೆಯ ಸಂಪಾದಕರಾಗಿದ್ದ ಎ. ಜಿ. ಗಾರ್ಡಿನರ್. ಅಲಂಕಾರವನ್ನೂ ಮೂರ್ತಿಗಳನ್ನೂ ದೂರವಿಟ್ಟ ಪಂಥದ ಬೋರ್ನ್‌ವಿಲ್ ಸಭಾಮಂದಿರದ ಹೊರಗೆ ಅವರ ಕಂಚಿನ ಎದೆಮಟ್ಟದ ಪ್ರತಿಮೆ ನಿಂತಿದೆ.

ಕಂಪನಿ 1962ರಲ್ಲಿ ಸಾರ್ವಜನಿಕ ಷೇರುಗಳಿಗೆ ತೆರೆದುಕೊಂಡಿತು, 1969ರಲ್ಲಿ ಷ್ವೆಪ್ಸ್ ಜೊತೆ ವಿಲೀನವಾಯಿತು, 2010ರಲ್ಲಿ ಅಮೆರಿಕದ ಕ್ರಾಫ್ಟ್ ಸಂಸ್ಥೆಯ ಪಾಲಾಯಿತು. ಆ ಮಾರಾಟವನ್ನು ತಡೆಯುವ ಶಕ್ತಿ ಆಗ ಕುಟುಂಬದ ಕೈಯಲ್ಲಿರಲಿಲ್ಲ. 1900ರಲ್ಲಿ ಬರೆದುಕೊಟ್ಟ ಧರ್ಮನಿಧಿ ಮಾತ್ರ ಇಂದಿಗೂ ಬೋರ್ನ್‌ವಿಲ್ಲಿನ ಮನೆಗಳನ್ನು ನೋಡಿಕೊಳ್ಳುತ್ತಿದೆ, ಇನ್ನೂ ಕಟ್ಟುತ್ತಿದೆ. ಇನ್ನು ಜಮೆಯ ಬದಿಯ ದಾಖಲೆಗಳನ್ನು ಸುಟ್ಟುಹಾಕುವುದು ಕುಟುಂಬಕ್ಕೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಲಿಸ್ಬನ್ನಿಗೂ ಲಂಡನ್ನಿಗೂ ಬರೆದ ಪತ್ರಗಳನ್ನೂ ಸಾವೊ ತೊಮೆಯ ವ್ಯವಹಾರದ ಇತರ ಕಾಗದಗಳನ್ನೂ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅದೇ ಕುಟುಂಬದ ಹೆಸರನ್ನು ಹೊತ್ತಿರುವ ಸಂಶೋಧನಾ ಗ್ರಂಥಾಲಯದಲ್ಲಿ ಈಗ ಯಾರು ಬೇಕಾದರೂ ಓದಬಹುದು. ಒಂದು ಫಾರ್ದಿಂಗಿನ ತೀರ್ಪನ್ನು ಮರುವಿಚಾರಣೆ ಮಾಡಿದ ಇತಿಹಾಸಕಾರರು ಬಳಸಿಕೊಂಡದ್ದೂ ಈ ಕಾಗದಗಳನ್ನೇ.